ಇಳಿಸಲಾಗದ ಹೂಳು

ಬಾರ್ಜು ತುಂಬ ಹೂಳು ಹೇರಿಕೊಂಡು ಬೆಳಿಗ್ಗೆ ಹೊರಟಾಗ ಆ ಹೂಳು ಬರೀ ಕೆಸರಾಗಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ವಿಷವಾಗಿತ್ತು. ನಡುವೆ ಆಗಿದ್ದು ಇಷ್ಟೇ: ಒಂದು ಫೋನು ಬಂದಿತ್ತು.

ಬಾರ್ಜು ಅನ್ನುವ ಆ ಚಪ್ಪಟೆ ತಳದ ಸರಕು ದೋಣಿ ನಡೆಸುವವನನ್ನು ನದಿಯುದ್ದಕ್ಕೂ ಎಲ್ಲರೂ ಕ್ಯಾಪ್ಟನ್ ಎಂದೇ ಕರೆಯುತ್ತಿದ್ದರು, ಅರ್ಧ ಮರ್ಯಾದೆಗೆ, ಅರ್ಧ ತಮಾಷೆಗೆ. ಸಮುದ್ರ ಕಂಡವನಲ್ಲ, ಐವತ್ತು ದಾಟಿದ ಮೇಲೂ ಅದೇ ನದಿಯಲ್ಲಿ ಮರಳು, ಜಲ್ಲಿ, ಇಟ್ಟಿಗೆ ಎಂದು ಮೇಲಕ್ಕೂ ಕೆಳಕ್ಕೂ ಓಡಾಡಿಕೊಂಡಿದ್ದ ಮನುಷ್ಯ. ಅವನ ಜೊತೆಗಿದ್ದವನು ಒಬ್ಬನೇ, ಹೆಂಡತಿಯ ತಮ್ಮ. ಎಂಜಿನ್ ನೋಡಿಕೊಳ್ಳುವ ಕೆಲಸ ಅವನದು. ಎಷ್ಟು ಉಜ್ಜಿದರೂ ಉಗುರು ಸಂದಿಯ ಕಪ್ಪು ಹೋಗದೆ ಅವನಿಗೆ ಗ್ರೀಸು ಅನ್ನುವ ಹೆಸರು ಅಂಟಿಕೊಂಡಿತ್ತು. ಮದುವೆಯ ದಿನ ಹೆಣ್ಣು ಕೊಟ್ಟ ಮಾವನೇ ಬಾಯಿತಪ್ಪಿ ಹಾಗೆ ಕರೆದಿದ್ದನಂತೆ.

ಹೂಳು ಎತ್ತಿದ್ದು ನದಿಯ ಒಂದು ತಿರುವಿನಲ್ಲಿ. ಅಲ್ಲಿ ಹಿಂದೆ ಬ್ಯಾಟರಿ ಕಾರ್ಖಾನೆಯಿತ್ತು, ಅದರ ಮಗ್ಗುಲಲ್ಲಿ ಲೋಹಕ್ಕೆ ಹೊಳಪಿನ ಲೇಪ ಕೊಡುವ ಸಾಲು ಶೆಡ್ಡುಗಳಿದ್ದವು. ಅವೆಲ್ಲ ಬಾಗಿಲು ಹಾಕಿ ಎಷ್ಟೋ ಕಾಲವಾಗಿ, ಗೋಡೆಗಳ ಮೇಲೆ ಮರ ಎದ್ದಿದ್ದವು. ಅವು ನೀರಿಗೆ ಬಿಟ್ಟದ್ದು ಮಾತ್ರ ಎಲ್ಲಿಗೂ ಹೋಗಿರಲಿಲ್ಲ. ತಿರುವಿನ ತಳದಲ್ಲಿ ಪದರ ಪದರವಾಗಿ ಕೂತು, ಮೇಲೆ ಮಣ್ಣು ಹೊದ್ದು ಮಲಗಿತ್ತು. ದೊಡ್ಡ ದೋಣಿಗಳು ತಳ ತಾಗದೆ ಓಡಾಡಲಿ ಎಂದು ಈಗ ಅದನ್ನು ಬಗೆದು ತೆಗೆಯುತ್ತಿದ್ದರು. ನದಿ ಹರಿಯುವ ಕಡೆ, ಇನ್ನೂ ಕೆಳಗೆ, ಒಬ್ಬರು ತಗ್ಗಿನ ಜಾಗ ತುಂಬಿಸಿ ಗೋದಾಮು ಕಟ್ಟುವವರಿದ್ದರು. ಅವರಿಗೆ ಮಣ್ಣು ಬೇಕಿತ್ತು. ಇಲ್ಲಿಂದ ಅಲ್ಲಿಗೆ ಮುಟ್ಟಿಸುವುದು ಕ್ಯಾಪ್ಟನ್ನನ ಕೆಲಸ.

ಫೋನು ಮಾಡಿದ್ದು ಕಂಪನಿಯ ಮ್ಯಾನೇಜರ್. "ಕ್ಯಾಪ್ಟನ್, ಎಲ್ಲಿದ್ದೀರಿ?"

"ಅರ್ಧ ದಾರಿ ಬಂದ್ವಿ ಸಾರ್."

"ಅಲ್ಲೇ ಇರಿ."

"ನಡುನೀರಲ್ಲಾ?"

"ಲ್ಯಾಬಿನವರು ಈಗ ವರದಿ ಕಳಿಸಿದ್ದಾರೆ. ಹೂಳಲ್ಲಿ ಸೀಸ ಇದೆಯಂತೆ, ಕ್ಯಾಡ್ಮಿಯಂ ಇದೆಯಂತೆ, ಇನ್ನೂ ಏನೇನೋ ಇದೆಯಂತೆ. ಗೋದಾಮಿನವರು ನಮ್ಮ ಕಡೆ ತಿರುಗಿಯೂ ನೋಡಬೇಡಿ ಅಂದುಬಿಟ್ರು. ಬೇರೆ ಜಾಗ ನೋಡ್ತೀನಿ, ಒಂದೆರಡು ದಿನ ತಡೀರಿ."

ಒಂದೆರಡು ದಿನ ಅನ್ನುವ ಮಾತನ್ನು ಮ್ಯಾನೇಜರ್ ಆಮೇಲೆ ಎಷ್ಟು ಸಲ ಹೇಳಿದನೋ ಅವನಿಗೇ ಲೆಕ್ಕ ತಪ್ಪಿರಬೇಕು.

ಮೊದಲು ಒಂದು ಇಟ್ಟಿಗೆ ಭಟ್ಟಿಯ ಜೆಟ್ಟಿಗೆ ಹೋದರು. ಅಲ್ಲಿನವರು ಹಗ್ಗ ಹಿಡಿಯಲಿಲ್ಲ. ಎಸೆದ ಹಗ್ಗ ಜೆಟ್ಟಿಯ ಅಂಚಿಗೆ ಬಡಿದು ನೀರಿಗೆ ಬಿತ್ತು. ಅಲ್ಲಿಂದ ಒಂದು ಪಟ್ಟಣದ ಕಸ ಸುರಿಯುವ ಜಾಗಕ್ಕೆ ಹೋದರು. ಅಲ್ಲಿ ಹೆಂಗಸರು ದಡದಲ್ಲಿ ಸಾಲಾಗಿ ಕೂತಿದ್ದರು, ಏನೂ ಕೂಗದೆ, ಏಳುವ ಮಾತೇ ಇಲ್ಲ ಅನ್ನುವ ಹಾಗೆ. ಇಂಥದ್ದನ್ನೇ ಇಳಿಸಲು ಸರ್ಕಾರ ಮಾಡಿಟ್ಟ ಸರಿಯಾದ ಗುಂಡಿ ದೂರದಲ್ಲಿ ಒಂದಿತ್ತು, ಅದು ತುಂಬಿಹೋಗಿತ್ತು. ಹೊಸದು ತೋಡಲು ಒಪ್ಪಿಗೆ ಬರಬೇಕಾಗಿತ್ತು. ಕೊನೆಗೆ ಕ್ಯಾಪ್ಟನ್ ಬಾರ್ಜು ತಿರುಗಿಸಿ, ಹೂಳೆತ್ತಿದ ಊರಿಗೇ ಒಯ್ದ. ಅಲ್ಲಿನ ಅಧಿಕಾರಿಗೆ ಅವನ ಮೇಲೆ ಕನಿಕರವೇ ಇತ್ತು. ಸಮಾಧಾನವಾಗಿ ಬಿಡಿಸಿ ಹೇಳಿದ.

"ನೋಡಿ, ನೀರಿನ ತಳದಲ್ಲಿ ಇರೋ ತನಕ ಅದು ನದಿ. ಮೇಲೆ ಎತ್ತಿದ ಕ್ಷಣದಿಂದ ಅಪಾಯಕಾರಿ ತ್ಯಾಜ್ಯ. ತ್ಯಾಜ್ಯಕ್ಕೆ ಒಬ್ಬ ಒಡೆಯ ಬೇಕು, ಒಂದು ಜಾಗ ಬೇಕು. ನದಿಗೆ ಅದ್ಯಾವುದೂ ಬೇಡ."

"ಹಂಗಾದ್ರೆ ವಾಪಸ್ಸು ನದಿಗೇ ಹಾಕ್ತೀನಿ ಸಾರ್."

"ಹಾಕಿದ್ರೆ ಜೈಲಿಗೆ ಹೋಗ್ತೀರಿ."

"ಮತ್ತೆ ಏನು ಮಾಡ್ಲಿ?"

ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡ.

ಹೀಗೆ ಬಾರ್ಜು ಎರಡು ದಡಗಳಿಗೂ ಸಲ್ಲದೆ ನದಿಯ ನಟ್ಟನಡುವೆ ಲಂಗರು ಹಾಕಿ ನಿಂತಿತು. ಬಿಟ್ಟು ಹೋಗುವಂತಿರಲಿಲ್ಲ. ಇಂಥ ಸರಕಿನ ಮೇಲೆ ಯಾವಾಗಲೂ ಇಬ್ಬರು ಇರಲೇಬೇಕೆಂದು ಕಾನೂನು. ಬದಲಿ ಜನ ಕಳಿಸುತ್ತೇನೆಂದು ಮ್ಯಾನೇಜರ್ ಊರೆಲ್ಲ ಹುಡುಕಿದ. ಯಾವ ಬಾರ್ಜಿನವನೂ ಸೊಪ್ಪು ಹಾಕಲಿಲ್ಲ. ಬಿಟ್ಟು ನಡೆದರೆ ಕ್ಯಾಪ್ಟನ್ನನ ಲೈಸೆನ್ಸು ಹೋಗುತ್ತಿತ್ತು. ಬಾರ್ಜು ಓಡಿಸುವುದು ಬಿಟ್ಟರೆ ಅವನಿಗೆ ಬೇರೆ ಏನೂ ಬರುತ್ತಿರಲಿಲ್ಲ.

ಮೂರನೆಯ ದಿನವೋ ನಾಲ್ಕನೆಯ ದಿನವೋ, ಬಾರ್ಜಿನ ಮೇಲೆ ಕಣ್ಣಿಡಲು ಸರ್ಕಾರ ನಿಲ್ಲಿಸಿದ್ದ ಕಾವಲು ದೋಣಿಯಲ್ಲಿ ಆರೋಗ್ಯ ಇಲಾಖೆಯ ಡಾಕ್ಟರಮ್ಮ ಬಂದಳು. ಮುಖಕ್ಕೆ ಕಟ್ಟಿಕೊಳ್ಳುವ ಮಾಸ್ಕು, ಕೈಗೆ ಗವುಸು, ಎರಡು ಜೊತೆ ಬೂಟು ತಂದಿದ್ದಳು. ಹೂಳಿನ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಬೆರಳು ಮಡಿಸಿ ಮಡಿಸಿ ಹೇಳಿದಳು: "ಇದು ಹಾವಿನ ಹಾಗೆ ಕಚ್ಚೋದಿಲ್ಲ. ಮುಟ್ಟಿದ ಕೂಡಲೇ ಏನೂ ಆಗೋದಿಲ್ಲ. ಒಣಗಿ ಧೂಳಾಗಬಾರದು, ಉಸಿರಲ್ಲಿ ಹೋಗಬಾರದು. ಕೈ ತೊಳೆಯದೆ ತಿನ್ನಬಾರದು. ಬೀಡಿ ಸಿಗರೇಟು ಬೇಡ. ಈ ಬಟ್ಟೆ ಬೂಟು ಮನೆಗೆ ಒಯ್ಯೋದಂತೂ ಬೇಡವೇ ಬೇಡ. ಮನೇಲಿ ಚಿಕ್ಕ ಮಕ್ಕಳಿದ್ದಾರಾ?"

"ನಂಗೊಬ್ಬಳು ಮಗಳಿದಾಳೆ," ಅಂದ ಗ್ರೀಸು. "ಈಗ ಹೆಜ್ಜೆ ಇಡ್ತಿದಾಳೆ."

"ಆ ವಯಸ್ಸಿನವರಿಗೇ ಇದು ಜಾಸ್ತಿ. ಕೈಗೆ ಸಿಕ್ಕಿದ್ದು ಬಾಯಿಗೆ ಹಾಕ್ತಾರಲ್ಲ. ಸೀಸ ಮಕ್ಕಳ ಬುದ್ಧಿಗೇ ಹೊಡೆಯುತ್ತೆ."

ಗ್ರೀಸು ತನ್ನ ಉಗುರುಗಳನ್ನು ನೋಡಿಕೊಂಡ. ಅಷ್ಟು ದಿನ ನಗೆಪಾಟಲಾಗಿದ್ದ ಆ ಕಪ್ಪು ಅವತ್ತಿನಿಂದ ಅವನಿಗೆ ಬೇರೆಯೇ ಆಗಿ ಕಾಣತೊಡಗಿತು. ದಿನಕ್ಕೆ ಹತ್ತು ಸಲ ಬ್ರಷ್ಷು ಹಿಡಿದು ಬೆರಳು ಕೆಂಪಾಗುವ ತನಕ ತಿಕ್ಕುತ್ತಿದ್ದ.

ಅವರಿಬ್ಬರ ಲೋಕ ಒಂದು ಕಬ್ಬಿಣದ ಕೋಣೆಗೆ ಇಳಿಯಿತು. ಎದುರುಬದುರು ಎರಡು ಹಲಗೆ ಮಂಚ, ನಡುವೆ ಒಬ್ಬ ನಿಂತರೆ ಇನ್ನೊಬ್ಬ ಕೂರಬೇಕಾದಷ್ಟು ಜಾಗ, ಒಂದು ಸ್ಟೌವು, ತುಕ್ಕು ಹಿಡಿದ ಒಂದು ಫ್ಯಾನು. ಕೋಣೆಯ ಒಂದೇ ಕಿಟಕಿ ಮುಂಭಾಗಕ್ಕೆ ಇತ್ತು. ತೆರೆದರೆ ಕಾಣುವುದು ಹೂಳೇ. ಬೂದು ಬಣ್ಣದ, ಅಲ್ಲಲ್ಲಿ ಎಣ್ಣೆಯ ಹೊಳಪಿದ್ದ ಅದು ಮೊದಮೊದಲು ಮೊಸರಿನ ಹಾಗೆ ಅಲುಗುತ್ತಿತ್ತು. ಬಿಸಿಲಿಗೆ ಗಟ್ಟಿಯಾಗಿ ಬಿರುಕು ಬಿಡತೊಡಗಿದಾಗ ದಿನಕ್ಕೆರಡು ಸಲ ಹೊಳೆಯ ನೀರು ಚಿಮುಕಿಸಿ ತೇವ ಮಾಡಬೇಕಾಯಿತು. ಒಣಗಿದರೆ ಧೂಳು ಹಾರುತ್ತದೆ. ಹೆಚ್ಚು ನೀರು ಬಿದ್ದರೆ ಅಂಚು ಮೀರಿ ಹೊಳೆಗೆ ಚೆಲ್ಲುತ್ತದೆ. ಎರಡೂ ಆಗಬಾರದು. ಕೈಕೂಸನ್ನು ನೋಡಿಕೊಂಡ ಹಾಗೆ ಇಬ್ಬರು ಗಂಡಸರು ಆ ಕೆಸರನ್ನು ನೋಡಿಕೊಂಡರು.

ಎಡದಂಡೆಯಲ್ಲಿ ಒಂದು ರಸ್ತೆ ಹಾದುಹೋಗುತ್ತಿತ್ತು. ಬಸ್ಸು ನಿಲ್ಲುವುದು, ಜನ ಇಳಿದು ಛತ್ರಿ ಬಿಚ್ಚುವುದು, ಒಬ್ಬಳು ದಿನವೂ ಅದೇ ಹೊತ್ತಿಗೆ ಅಂಗಡಿಯ ಶಟರು ಎಳೆಯುವುದು ಎಲ್ಲ ಕಾಣುತ್ತಿತ್ತು. ಈಜಿದರೆ ಒಂದು ಹಾಡು ಮುಗಿಯುವಷ್ಟರಲ್ಲಿ ಸೇರಬಹುದಾದ ದಡ. ಕ್ಯಾಪ್ಟನ್ ಮೊದಲು ಆ ಕಡೆ ಮುಖ ಮಾಡಿ ಚಹಾ ಕುಡಿಯುತ್ತಿದ್ದ. ಆಮೇಲೆ ಬೆನ್ನು ಮಾಡಿ ಕುಡಿಯತೊಡಗಿದ.

"ನಿಮ್ಮಕ್ಕನಿಗೆ ಫೋನು ಮಾಡಿದ್ಯಾ?" ಎಂದು ಅವನು ಭಾವಮೈದನನ್ನು ಕೇಳುತ್ತಿದ್ದ.

"ನಿಮ್ಮ ಹೆಂಡತಿಗೆ ನೀವೇ ಮಾಡಿ ಭಾವ. ನಾನು ಮಾಡಿದ್ರೆ, ನಿನ್ನನ್ನ ಆ ಬಾರ್ಜಿಗೆ ಸೇರಿಸಿದ್ದೇ ತಪ್ಪಾಯ್ತು ಅಂತ ಅಳ್ತಾಳೆ. ನೀವು ಮಾಡಿದ್ರೆ ಬರೀ ಬೈತಾಳೆ."

ಗ್ರೀಸು ಸಂಜೆಯಾದರೆ ಫೋನಿನಲ್ಲಿ ಮಗಳ ಮುಖ ನೋಡುತ್ತಿದ್ದ. ಅವಳು ಆ ಕಡೆಯಿಂದ ಫೋನನ್ನೇ ಚೀಪಲು ಬರುತ್ತಿದ್ದಳು. ತೆರೆಯ ತುಂಬ ಬರೀ ಎರಡು ಹಲ್ಲು. ಗ್ರೀಸು ನಗುತ್ತಿದ್ದ. ಫೋನು ಇಟ್ಟ ಮೇಲೆ ಎಂಜಿನ್ ಗೂಡಿಗೆ ಇಳಿದು, ಓಡದೆ ನಿಂತ ಎಂಜಿನ್ನನ್ನು ಸುಮ್ಮನೆ ಒರೆಸುತ್ತ ಕೂರುತ್ತಿದ್ದ.

ಅಷ್ಟರಲ್ಲಿ ಮಳೆ ಹಿಡಿಯಿತು.

ಬೆಳಿಗ್ಗೆ ಮೋಡ ಕಟ್ಟಿದ್ದು ಮಧ್ಯಾಹ್ನಕ್ಕೆ ಒಡೆದು ಸುರಿಯತೊಡಗಿತು. ಟಾರ್ಪಾಲು ಹೊದಿಸಿದರು, ಇದ್ದದ್ದು ಮುಕ್ಕಾಲು ಭಾಗಕ್ಕೆ ಮಾತ್ರ ಸಾಕಾಯಿತು. ಉಳಿದ ಕಡೆ ನೀರು ನಿಂತು, ಹೂಳಿನ ಮೇಲೆ ಕಂದು ಕೆರೆಯೊಂದು ಎದ್ದು, ಬಾರ್ಜು ಅಲುಗಿದಾಗೆಲ್ಲ ಅಂಚಿಗೆ ಬಂದು ನಾಲಗೆ ಚಾಚಿ ಹಿಂದೆ ಸರಿಯುತ್ತಿತ್ತು. ಕ್ಯಾಪ್ಟನ್ ಮ್ಯಾನೇಜರ್‌ಗೆ ಫೋನು ಮಾಡಿದ.

"ನೀರು ಹೊರಗೆ ಹಾಕ್ಲೇಬೇಡಿ," ಅಂದ ಮ್ಯಾನೇಜರ್. "ಕಾವಲು ದೋಣಿ ಇದೆ, ಫೋಟೋ ತೆಗೀತಾರೆ. ಕಂಪನಿ ಮುಳುಗುತ್ತೆ."

"ಇಲ್ಲಿ ನಾವು ಮುಳುಗ್ತೀವಿ ಸಾರ್."

"ಮುಳುಗಬೇಡಿ. ಅದು ಇನ್ನೂ ದೊಡ್ಡ ಕೇಸು."

ಕ್ಯಾಪ್ಟನ್ ಫೋನನ್ನು ಜೇಬಿಗಿಟ್ಟು ಮಳೆಯಲ್ಲಿ ನಿಂತ. ಪಂಪು ಹತ್ತಿರವೇ ಇತ್ತು. ಕೊಳವೆಯನ್ನು ಅಂಚಿನಾಚೆ ಇಳಿಬಿಟ್ಟರೆ ಮುಗಿಯಿತು. ಮಳೆಯ ಪರದೆಯಲ್ಲಿ ಕಾವಲು ದೋಣಿ ಕಾಣುತ್ತಲೂ ಇರಲಿಲ್ಲ. ಗ್ರೀಸು ಕೊಳವೆ ಹಿಡಿದು ಅವನ ಮುಖ ನೋಡುತ್ತ ನಿಂತಿದ್ದ.

"ಕುಡಿಯೋ ನೀರಿನ ಟ್ಯಾಂಕಲ್ಲಿ ಎಷ್ಟಿದೆ?" ಅಂದ ಕ್ಯಾಪ್ಟನ್.

"ನಿನ್ನೆ ತುಂಬಿಸಿದ್ದು. ಕಂಠಮಟ್ಟ ಇದೆ."

"ಅದನ್ನ ಹೊಳೆಗೆ ಬಿಡು. ಹಿಂದುಗಡೆ ಟ್ಯಾಂಕಿಂದೂ ಬಿಡು. ಈ ಕೊಳಕು ನೀರು ಅದಕ್ಕೆ ತುಂಬಿಸೋಣ."

"ನಾವು ಏನು ಕುಡಿಯೋದು?"

"ಕೇಳಿ ತರಿಸ್ಕೊಳ್ಳೋಣ."

ಗ್ರೀಸು ಕೆಳಗಿಳಿದು ಕವಾಟ ತೆರೆದ. ತಿಳಿ ನೀರು ಭರ್ರನೆ ಹೊಳೆಗೆ ಹೋಯಿತು. ವಿಷದ ನೀರು ಜೋಪಾನವಾಗಿ ಟ್ಯಾಂಕು ಸೇರಿತು. ಮಳೆ ನಿಂತಾಗ ಹೂಳಿನ ಮೇಲಿನ ಕೆರೆ ಅಂಚಿಗಿಂತ ಒಂದು ಗೇಣು ಕೆಳಗಿತ್ತು. ಇಬ್ಬರೂ ನೆನೆದ ಬಟ್ಟೆಯಲ್ಲೇ ಬಾಗಿಲಲ್ಲಿ ಕೂತರು. ಅವತ್ತಿನಿಂದ ಕುಡಿಯಲು, ಬೇಯಿಸಲು, ಮೈ ತೊಳೆಯಲು ಕಾವಲು ದೋಣಿಯವನು ತಂದುಕೊಟ್ಟ ಕ್ಯಾನಿನ ನೀರೇ ಗತಿಯಾಯಿತು. ಅವನು ಮರೆತ ದಿನ ಗ್ರೀಸುವಿಗೆ ಕೈ ತಿಕ್ಕಲು ನೀರಿರುತ್ತಿರಲಿಲ್ಲ. ಸುತ್ತ ಇಡೀ ನದಿ ಹರಿಯುತ್ತಿದ್ದರೂ ಅದನ್ನು ಮುಟ್ಟಲು ಈಗ ಅವನಿಗೆ ಮನಸ್ಸು ಬರುತ್ತಿರಲಿಲ್ಲ.

ಆ ಮಳೆಯಾದ ಮೇಲೆ ಒಂದು ಬೆಳಿಗ್ಗೆ ಮ್ಯಾನೇಜರ್ ಖುಷಿಯಾಗಿ ಫೋನು ಮಾಡಿದ.

"ಜಾಗ ಸಿಕ್ತು ಕ್ಯಾಪ್ಟನ್. ಹಳೇ ಕಲ್ಲು ಕ್ವಾರಿ. ಪುರಸಭೆ ಹೆಚ್ಚುಕಮ್ಮಿ ಒಪ್ಪಿದೆ. ಅವರ ಜೆಟ್ಟಿಯಿಂದ ಊರಿಗೆ ಒಳ್ಳೇ ರಸ್ತೆ ಮಾಡಿಕೊಡ್ತೀವಿ ಅಂದಿದೀವಿ." ಊರಿನ ಹೆಸರು ಹೇಳಿದ.

ಕ್ಯಾಪ್ಟನ್ ಹುಟ್ಟಿದ್ದು ಆ ಊರಿನಲ್ಲೇ. ಅವನ ಅಕ್ಕ ಇನ್ನೂ ಅಲ್ಲೇ ಇದ್ದಳು. ಪೇಟೆಬೀದಿಯಲ್ಲಿ ಟೈಲರ್ ಅಂಗಡಿ ಇಟ್ಟುಕೊಂಡು ಅರ್ಧ ಊರಿನ ಸೊಂಟದ ಅಳತೆ ಬಾಯಿಪಾಠ ಮಾಡಿದ್ದವಳು.

"ಅದು ನಮ್ಮೂರು ಸಾರ್."

"ಗೊತ್ತು. ಅದಕ್ಕೇ ಹೇಳ್ತಿರೋದು. ಜನಕ್ಕೆ ಸ್ವಲ್ಪ ಅನುಮಾನ ಇದೆ. ನೀವು ಏನೂ ಸುಳ್ಳು ಹೇಳೋದು ಬೇಡ. ಇಷ್ಟು ದಿನ ಇದರ ಮೇಲೇ ಉಂಡು ಇದರ ಮೇಲೇ ಮಲಗಿದೀನಿ, ನೋಡಿ, ಗುಂಡುಕಲ್ಲಿನ ಹಾಗಿದೀನಿ ಅನ್ನಿ. ಸಾಕು. ಸಂಜೆಗೆ ಖಾಲಿ, ನಾಳೆ ನಿಮ್ಮ ಮನೇಲಿ ಊಟ."

ಲಂಗರು ಎತ್ತುವಾಗ ಗ್ರೀಸು ಶಿಳ್ಳೆ ಹಾಕಿದ. ಅಷ್ಟು ದಿನ ಸುಮ್ಮನಿದ್ದ ಎಂಜಿನ್ನು ಒಂದೇ ಎಳೆತಕ್ಕೆ ಹೊತ್ತಿಕೊಂಡಿತು. ಕ್ಯಾಪ್ಟನ್ ಚುಕ್ಕಾಣಿ ಹಿಡಿದು ನಿಂತ. ಮ್ಯಾನೇಜರನ ಮಾತಿನಲ್ಲಿ ಒಂದಾದರೂ ಸುಳ್ಳಿದೆಯಾ ಎಂದು ತಿರುಗಿಸಿ ಮುರುಗಿಸಿ ನೋಡಿದ. ಇರಲಿಲ್ಲ. ಅವನು ಅದರ ಮೇಲೇ ಮಲಗಿದ್ದ. ಅವನಿಗೆ ನೆಗಡಿಯೂ ಬಂದಿರಲಿಲ್ಲ. ಇದೇ ಅವನನ್ನು ಇಕ್ಕಟ್ಟಿಗೆ ಸಿಕ್ಕಿಸಿತು. ಸುಳ್ಳು ಹೇಳು ಅಂದಿದ್ದರೆ ಆಗುವುದಿಲ್ಲ ಅನ್ನುವುದು ಸುಲಭವಾಗಿತ್ತು.

ಜೆಟ್ಟಿಯಲ್ಲಿ ಜನ ನೆರೆದಿದ್ದರು. ಇಲ್ಲಿ ಹಗ್ಗ ಹಿಡಿದರು. ಪುರಸಭೆಯ ಅಧ್ಯಕ್ಷ ಕ್ಯಾಪ್ಟನ್ನನ ಶಾಲೆಯ ಗೆಳೆಯ, ಕೈ ಹಿಡಿದು ಎಳೆದು ಜೆಟ್ಟಿಯ ಮೇಲೆ ನಿಲ್ಲಿಸಿ, "ಇವನು ನಮ್ಮವನು. ಯಾರ್ಯಾರಿಗೆ ಏನೇನು ಕೇಳಬೇಕೋ ಇವನನ್ನೇ ಕೇಳಿ," ಅಂದ. ಎಷ್ಟೋ ದಿನದ ಮೇಲೆ ಅಲುಗದ ನೆಲ ಕಾಲಿಗೆ ಸಿಕ್ಕಿ ಕ್ಯಾಪ್ಟನ್‌ಗೆ ತಲೆ ಸುತ್ತಿದಂತಾಯಿತು. ಜನರ ಹಿಂದೆ, ಕುತ್ತಿಗೆಗೆ ಅಳತೆ ಟೇಪು ನೇತುಹಾಕಿಕೊಂಡೇ ಬಂದಿದ್ದ ಅಕ್ಕ ಕಾಣಿಸಿದಳು. ಕೈಯಲ್ಲಿ ಊಟದ ಡಬ್ಬಿ ಇತ್ತು.

"ನೀನು ಇದರ ಜೊತೆ ಎಷ್ಟು ದಿನದಿಂದ ಇದೀಯಪ್ಪಾ?" ಎಂದು ಒಬ್ಬರು ಕೇಳಿದರು.

"ತುಂಬ ದಿನ ಆಯ್ತು."

"ಏನಾದ್ರೂ ತೊಂದರೆ ಆಗಿದ್ಯಾ? ಹೊಟ್ಟೆನೋವು, ತಲೆನೋವು?"

"ಇಲ್ಲ. ಏನೂ ಆಗಿಲ್ಲ."

ಜನರಲ್ಲಿ ಸಮಾಧಾನದ ಗುಜುಗುಜು ಎದ್ದಿತು. ಅಧ್ಯಕ್ಷ ನಕ್ಕ. ಬಾರ್ಜಿನ ಮೇಲೆ ನಿಂತಿದ್ದ ಗ್ರೀಸು ಆಗಲೇ ಟಾರ್ಪಾಲಿನ ಗಂಟು ಬಿಚ್ಚಲು ಬಗ್ಗಿದ್ದ. ಅಕ್ಕ ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಡಬ್ಬಿಯನ್ನು ತಮ್ಮನ ಕೈಗೆ ಕೊಡಲು ಹೋದಳು. ಕ್ಯಾಪ್ಟನ್ ಕೈ ಚಾಚಿದವನು ತಟ್ಟನೆ ಹಿಂದಕ್ಕೆಳೆದುಕೊಂಡ.

"ಯಾಕೋ?" ಅಂದಳು ಅಕ್ಕ.

"ಕೆಳಗಿಡು ಅಕ್ಕ. ಕೈ ತೊಳೆದು ಮುಟ್ತೀನಿ."

"ಏನೂ ಆಗಲ್ಲ ಅಂದ್ಯಲ್ಲ ಈಗ."

ಗುಜುಗುಜು ನಿಂತಿತು. ಇನ್ನು ಮಾತಾಡದೆ ವಿಧಿಯಿಲ್ಲ ಎಂದು ಕ್ಯಾಪ್ಟನ್‌ಗೆ ಗೊತ್ತಾಯಿತು. ಅವನು ಗ್ರೀಸುವಿನ ಕಡೆ ನೋಡಲಿಲ್ಲ.

"ಏನೂ ಆಗಿಲ್ಲ ಅಂದೆ. ಆಗಲ್ಲ ಅಂತ ಅಂದಿಲ್ಲ," ಅಂದ. "ನಾವು ಕೈ ತೊಳೀದೆ ಒಂದು ತುತ್ತು ತಿಂದಿಲ್ಲ. ಮಾಸ್ಕು ಇಲ್ದೆ ಹತ್ರ ಹೋಗಿಲ್ಲ. ಅದು ಧೂಳಾಗದ ಹಾಗೆ ದಿನಾ ಕಾದಿದೀವಿ. ಮಳೆ ಬಂದಾಗ ನೀರು ಹೊರಗೆ ಹೋಗದ ಹಾಗೆ ಕಾದಿದೀವಿ. ಕ್ವಾರೀಲಿ ಅದನ್ನ ಯಾರು ಕಾಯ್ತಾರೆ? ತಳ ಬಿರುಕು ಬಿಟ್ಟ ಕಲ್ಲು. ನಾವು ಚಿಕ್ಕವರಿದ್ದಾಗ ಅಲ್ಲಿ ನಿಂತ ಮಳೆನೀರು ಬೇಸಿಗೆ ಬರೋ ಮೊದಲೇ ಇಂಗಿ ಹೋಗ್ತಿತ್ತು. ಎಲ್ಲಿಗೆ ಹೋಗ್ತಿತ್ತು ಅಂತ ನಿಮಗೂ ಗೊತ್ತು, ನಿಮ್ಮ ಬಾವಿಗಳಿಗೂ ಗೊತ್ತು."

ಅಧ್ಯಕ್ಷ ಅವನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ನಿನ್ನ ಕಾಲಿಗೆ ನೀನೇ ಕೊಡಲಿ ಹಾಕ್ಕೊಂಡೆಯಲ್ಲೋ ಮಾರಾಯ," ಅಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ರಸ್ತೆ ಕೈತಪ್ಪಿತಲ್ಲ ಅನ್ನುವ ಬೇಜಾರಿತ್ತು. ಸಂಜೆಯಾಗುವ ಮೊದಲೇ ಹಗ್ಗ ಬಿಚ್ಚಿ ನೀರಿಗೆ ಎಸೆದರು. ಕೆಲವರು ಅವನಿಗೆ ಕೈಮುಗಿದರು. ಕೆಲವರು ಮುಖ ತಿರುಗಿಸಿಕೊಂಡು ಹೋದರು.

ಬಾರ್ಜು ಮತ್ತೆ ಅದೇ ನಡುನೀರಿಗೆ ಬಂದು ಲಂಗರು ಇಳಿಸಿತು. ಅದೇ ಬಸ್ಸು ನಿಲ್ದಾಣ, ಅದೇ ಶಟರು.

ಗ್ರೀಸು ಮಾತು ಬಿಟ್ಟ. ಕೇಳಿದ್ದಕ್ಕೆ ಹೂಂ, ಇಲ್ಲ ಅಷ್ಟೇ. ಅಷ್ಟು ಚಿಕ್ಕ ಕೋಣೆಯಲ್ಲಿ ಮಾತಿಲ್ಲದೆ ಇಬ್ಬರು ಇರುವುದೆಂದರೆ, ಒಬ್ಬ ಕೆಮ್ಮಿದರೂ ಇನ್ನೊಬ್ಬನಿಗೆ ಬೈದ ಹಾಗೆ ಕೇಳಿಸುತ್ತಿತ್ತು. ಕ್ಯಾಪ್ಟನ್ ತಾನೇ ಮೊದಲು ಎದ್ದು ಚಹಾ ಮಾಡಿ ಅವನ ಮಂಚದ ಪಕ್ಕ ಇಡುತ್ತಿದ್ದ. ಗ್ರೀಸು ಅದು ಆರಿದ ಮೇಲೆ ಕುಡಿಯುತ್ತಿದ್ದ. ಸಂಜೆ ಫೋನಿನಲ್ಲಿ ಮಗಳ ದನಿ ಕೇಳಿದಾಗ ಕ್ಯಾಪ್ಟನ್ ಎದ್ದು ಹೊರಗೆ ಹೋಗುತ್ತಿದ್ದ. ಹೊರಗೆ ಹೋಗುವುದೆಂದರೂ ಎಲ್ಲಿಗೆ? ಹೂಳಿನ ಅಂಚಿಗೆ.

ಒಂದು ದಿನ ಹೂಳಿಗೆ ನೀರು ಚಿಮುಕಿಸುತ್ತಿದ್ದಾಗ ಗ್ರೀಸು ಬೆನ್ನು ತಿರುಗಿಸಿಕೊಂಡೇ ಬಾಯಿಬಿಟ್ಟ.

"ನೀವು ಹೇಳಿದ್ದು ತಪ್ಪು ಅಂತ ನಾನು ಅನ್ನಲ್ಲ ಭಾವ. ಆದ್ರೆ ಅವರು ನನ್ನ ಕೇಳಿದ್ರೆ ನಾನು ಇಳಿಸಿ ಅಂತಿದ್ದೆ. ಎರಡು ಸಲ ಯೋಚನೆ ಮಾಡ್ತಿರಲಿಲ್ಲ."

"ಗೊತ್ತು."

"ಅಲ್ಲೂ ಮಕ್ಕಳಿದ್ವು. ಜೆಟ್ಟಿ ಮೇಲೇ ಓಡಾಡ್ತಿದ್ವು. ಕಂಡರೂ ಅಂತಿದ್ದೆ. ಅದು ನಂಗೆ ಯಾಕೋ ಸರಿಯಾಗಿ ಕೂರ್ತಾ ಇಲ್ಲ."

ಕ್ಯಾಪ್ಟನ್ ಕೊಳವೆಯ ನೀರು ನಿಲ್ಲಿಸಿದ. "ನಿನ್ನ ಜಾಗದಲ್ಲಿ ಇದ್ದಿದ್ರೆ ನಾನೂ ಅಂತಿದ್ನೋ ಏನೋ," ಅಂದ. "ನಂಗೆ ಅಲ್ಲಿ ಅಕ್ಕ ಇದ್ದಳು, ಅಷ್ಟೇ. ಬೇರೆ ಯಾವುದೋ ಊರಾಗಿದ್ರೆ ಬಾಯಿ ಮುಚ್ಕೊಂಡು ಇಳಿಸಿ ಬರ್ತಿದ್ನೋ ಏನೋ. ದೊಡ್ಡ ಮನುಷ್ಯ ಅಂತ ನನ್ನ ಮೇಲೆ ಹೊರಿಸಬೇಡ."

ಅದಾದ ಮೇಲೆ ಗ್ರೀಸು ಚಹಾ ಬಿಸಿಯಿದ್ದಾಗಲೇ ಕುಡಿಯತೊಡಗಿದ.

ಅಕ್ಕ ಬಂದದ್ದು ಆ ವಾರವೇ. ಕಾವಲು ದೋಣಿಯಿಂದ ಮೊದಲು ಒಂದು ಕೈಹೊಲಿಗೆ ಯಂತ್ರ ಬಂತು, ಆಮೇಲೆ ಒಂದು ಬಟ್ಟೆಗಂಟು, ಆಮೇಲೆ ಸೆರಗು ಸಿಕ್ಕಿಸಿಕೊಂಡು ಅವಳು.

"ಇದೇನಕ್ಕ?"

"ಇಬ್ಬರು ಇರಬೇಕು ಅಂತ ತಾನೇ ಕಾನೂನು? ಗಂಡಸರೇ ಇರಬೇಕು ಅಂತ ಎಲ್ಲೂ ಇಲ್ಲವಂತೆ. ಕೇಳಿಕೊಂಡೇ ಬಂದೆ." ಕಾವಲಿನವನು ನದಿಯ ಆಚೆ ದಡವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ. "ಎರಡು ತಲೆ ಕಂಡರೆ ನಂಗೆ ಸಾಕು," ಅಂದ ಅವನು. "ಕೂದಲು ಉದ್ದವೋ ಗಿಡ್ಡವೋ ನೋಡೋ ಕೆಲಸ ನಂದಲ್ಲ."

"ಅಂಗಡಿ? ಭಾವ?"

"ಅಂಗಡಿಗೆ ಜನ ಕಡಿಮೆ ಆಗಿದಾರೆ. ರಸ್ತೆ ಬೇಕಿದ್ದವರೆಲ್ಲ ಈಗ ಬೇರೆ ಕಡೆ ಹೊಲಿಸ್ತಾರೆ. ನಿಮ್ಮ ಭಾವ ಒಂದು ವಾರ ತಾವೇ ಬೇಯಿಸ್ಕೊಂಡು ತಿನ್ಲಿ, ನನ್ನ ಬೆಲೆ ತಿಳಿಯುತ್ತೆ." ಅವಳು ಗ್ರೀಸುವಿನ ಕಡೆ ತಿರುಗಿದಳು. "ಇಲ್ಲಿ ಬಾ. ಭುಜ ನೆಟ್ಟಗೆ ಮಾಡು. ಒಂದು ವಾರ ಮಗಳ ಹತ್ರ ಇದ್ದು ಬಾ."

ಅಳತೆ ತೆಗೆದದ್ದು ಬರೀ ಶಾಸ್ತ್ರಕ್ಕೆ. ಕಣ್ಣಳತೆಯಲ್ಲೇ ಅವಳು ಹೊಲಿದು ತಂದಿದ್ದಳು. ಕಾವಲು ದೋಣಿಯಲ್ಲಿ ನಿಂತು ಗ್ರೀಸು ಎರಡು ಕ್ಯಾನು ನೀರಿನಲ್ಲಿ ತಲೆಯಿಂದ ಕಾಲಿನವರೆಗೆ ತಿಕ್ಕಿ ಸ್ನಾನ ಮಾಡಿದ. ಹಳೆಯದೆಲ್ಲ ಬಾರ್ಜಿನಲ್ಲೇ ಬಿಟ್ಟು, ಹೂಳಿನ ಗಾಳಿ ಸೋಕದ ಹೊಸ ಅಂಗಿ, ಹೊಸ ಪ್ಯಾಂಟು, ಹೊಸ ಚಪ್ಪಲಿ ಹಾಕಿಕೊಂಡ. ಪ್ಯಾಂಟು ಸೊಂಟಕ್ಕೆ ಕೊಂಚ ಸಡಿಲವಾಯಿತು. "ಇಳಿದುಹೋಗಿದೀಯ," ಅಂದಳು ಅಕ್ಕ. ಅವನು ಅವಳ ಕಾಲು ಮುಟ್ಟಲು ಬಗ್ಗಿದ. "ಮುಟ್ಟಬೇಡ, ನಾನೀಗ ಈ ಕಡೆಯವಳು," ಎಂದು ಅವಳು ಹಿಂದೆ ಸರಿದಳು.

ಅಕ್ಕ ತಮ್ಮ ಒಂದು ವಾರ ಆ ಕಬ್ಬಿಣದ ಕೋಣೆಯಲ್ಲಿದ್ದರು. ಅವಳು ಮಿಷನ್ನಿನ ಕೈ ತಿರುಗಿಸುತ್ತ ಹಳೇ ಟಾರ್ಪಾಲಿನ ತುಂಡುಗಳನ್ನು ಸೇರಿಸಿ ಹೊಲಿದಳು. ಉಳಿದ ಕಾಲು ಭಾಗಕ್ಕೂ ಹೊದಿಕೆಯಾಯಿತು. ಮೊದಲ ದಿನ ದಡದ ಬಸ್ಸು, ಅಂಗಡಿಗಳನ್ನು ನೋಡಿ ಚೆಂದವಿದೆ ಅಂದಳು. ಮೂರನೆಯ ದಿನಕ್ಕೆ ಅವಳೂ ಆ ಕಡೆ ಬೆನ್ನು ಮಾಡಿ ಕೂತಳು. "ಇಷ್ಟು ದಿನ ಹೆಂಗಿದ್ದೆಯೋ?" ಎಂದು ಕೇಳಿದಳು. ಅವನು ಹೆಗಲು ಕುಣಿಸಿದ. ಅಲ್ಲಿ ಇರಬೇಕಾಗಿತ್ತು, ಇದ್ದ.

ಗ್ರೀಸು ಹೇಳಿದ ದಿನಕ್ಕೆ ಸರಿಯಾಗಿ ವಾಪಸ್ಸು ಬಂದ. ಬರುವುದಿಲ್ಲವೇನೋ ಎಂದು ಕ್ಯಾಪ್ಟನ್ ಅಂದುಕೊಂಡಿದ್ದ. ಬಾರದಿದ್ದರೂ ದೂರಬಾರದು ಎಂದೂ ಮನಸ್ಸಿಗೆ ಹೇಳಿಟ್ಟುಕೊಂಡಿದ್ದ. ಗ್ರೀಸು ಹೊಸ ಬಟ್ಟೆಯನ್ನು ಬಿಚ್ಚಿ ಮಡಿಸಿ ಕಾವಲು ದೋಣಿಯಲ್ಲಿಟ್ಟು, ಹಳೇ ಬೂಟು ತೊಟ್ಟು, "ಮೊದಲ ದಿನ ಮಗಳು ನನ್ನ ಹತ್ತಿರಾನೇ ಬರಲಿಲ್ಲ ಭಾವ. ಆಮೇಲೆ ಬಿಡಲಿಲ್ಲ," ಅಂದ. ಅಷ್ಟು ಹೇಳಿ ಎಂಜಿನ್ ಗೂಡಿಗೆ ಇಳಿದ.

ಕೊನೆಗೆ ಬಂದ ಆದೇಶ ಕ್ಯಾಪ್ಟನ್ ಮೊದಲ ವಾರವೇ ಕೇಳಿದ್ದು. ಯಾವುದೋ ಸಮಿತಿ ಕೂತು ಎದ್ದು, ತಜ್ಞರು ಬಂದು ಹೋಗಿ, ತೀರ್ಮಾನವಾಗಿತ್ತು: ಎತ್ತಿದ ಗುಂಡಿಗೇ ಹೂಳನ್ನು ಮೆಲ್ಲನೆ ಇಳಿಸಿ, ಮೇಲೆ ದಪ್ಪಗೆ ಶುದ್ಧ ಮರಳು ಹಾಸಬೇಕು. ಅಲ್ಲಿ ಇನ್ನು ಹೂಳೆತ್ತಬಾರದು. ಮ್ಯಾನೇಜರ್ ಫೋನಿನಲ್ಲಿ ಓದಿ ಹೇಳುವಾಗ ಅವನಿಗೇ ನಾಚಿಕೆಯಾಗಿತ್ತು.

"ಇದನ್ನೇ ಅವತ್ತು ನಾನು ಅಂದಿದ್ದು," ಅಂದ ಕ್ಯಾಪ್ಟನ್.

"ಅವತ್ತು ನೀವು ಅಂದ್ರಿ. ಇವತ್ತು ಅವರು ಅಂದಿದಾರೆ," ಅಂದ ಮ್ಯಾನೇಜರ್.

ತಿರುವಿನಲ್ಲಿ ನೀರಿನ ಸುತ್ತ ದಪ್ಪ ಪರದೆ ಇಳಿಬಿಟ್ಟು, ಎತ್ತಿದ ಯಂತ್ರವೇ ಬಂದು ಹೂಳನ್ನು ಮೊಗೆಮೊಗೆದು ತಳಕ್ಕೆ ಇಳಿಸಿತು. ಟ್ಯಾಂಕುಗಳ ಕೊಳಕು ನೀರನ್ನು ಒಂದು ಲಾರಿ ಹೀರಿಕೊಂಡು ಹೋಯಿತು. ಆಮೇಲೆ ಮರಳಿನ ಬಾರ್ಜುಗಳು ಬಂದವು. ಇಡೀ ಕೆಲಸ ಮುಗಿದಾಗ ನದಿ ಮುಂಚಿನಂತೆಯೇ ಕಾಣುತ್ತಿತ್ತು. ಗೋಡೆಯ ಮೇಲೆ ಮರ ಬೆಳೆದ ಕಾರ್ಖಾನೆಯ ನೆರಳು ಅದರ ಮೇಲೆ ಬಿದ್ದಿತ್ತು.

ಡಾಕ್ಟರಮ್ಮ ಮೂವರ ರಕ್ತವನ್ನೂ ಪರೀಕ್ಷೆ ಮಾಡಿಸಿದಳು. ಅಕ್ಕನದು ಸರಿಯಾಗಿತ್ತು. ಗ್ರೀಸುವಿನದು ಸ್ವಲ್ಪ ಹೆಚ್ಚು, ಕ್ಯಾಪ್ಟನ್ನನದು ಅದಕ್ಕಿಂತ ಹೆಚ್ಚು. ರಕ್ತದಲ್ಲಿರುವುದು ಕಾಲ ಕಳೆದ ಹಾಗೆ ಇಳಿಯುತ್ತದೆ, ಮೂಳೆ ಸೇರಿದ್ದು ಬಹಳ ವರ್ಷ ಅಲ್ಲೇ ಇರುತ್ತದೆ, ಆಗಾಗ ಬಂದು ತೋರಿಸಿ ಅಂದಳು. ಕ್ಯಾಪ್ಟನ್ ಆಯ್ತು ಎಂದು ತಲೆಯಾಡಿಸಿದ. ಗ್ರೀಸು ಮಗಳ ರಕ್ತವನ್ನೂ ಪರೀಕ್ಷೆ ಮಾಡಿಸಿ, ಸರಿಯಿದೆ ಅನ್ನುವ ಮಾತನ್ನು ಎರಡು ಸಲ ಹೇಳಿಸಿಕೊಂಡ. ಅಕ್ಕನ ಅಂಗಡಿ ಬಿಟ್ಟು ಹೋದ ಗಿರಾಕಿಗಳಲ್ಲಿ ಅರ್ಧದಷ್ಟು ಜನ ತಿರುಗಿ ಬಂದರು. ಬೇರೆ ಕಡೆ ಹೊಲಿಸಿದ್ದು ಯಾರಿಗೂ ಸರಿಯಾಗಿ ಕೂತಿರಲಿಲ್ಲ.

ಲೈಸೆನ್ಸು ಉಳಿದದ್ದರಿಂದ ಇಬ್ಬರೂ ಮತ್ತೆ ಮರಳು, ಜಲ್ಲಿ ಎಂದು ಓಡಾಡತೊಡಗಿದರು. ತಿರುವಿಗೆ ಬಂದಾಗ ಕ್ಯಾಪ್ಟನ್ ಎಂಜಿನ್ ತಗ್ಗಿಸಲು ಹೇಳುತ್ತಿದ್ದ. ಬಾರ್ಜಿನ ಪಂಖ ಜೋರಾಗಿ ತಿರುಗಿದರೆ ಮರಳಿನ ಹೊದಿಕೆ ಕಲಕುತ್ತದೆ ಎಂದು ಅವನಿಗೆ ಭಯ. ಹರಿವಿನ ಜೊತೆ ತೇಲಿಕೊಂಡು ಆ ಜಾಗ ದಾಟುತ್ತಿದ್ದರು. ಒಂದು ದಿನ ಹಿಂದಿನಿಂದ ಬಂದ ಪ್ರಯಾಣಿಕರ ದೊಡ್ಡ ದೋಣಿ ದಾರಿ ಬಿಡಿ ಎಂದು ಎರಡು ಸಲ ಹಾರ್ನು ಹೊಡೆಯಿತು. ಕ್ಯಾಪ್ಟನ್ ನಿಧಾನ, ನಿಧಾನ ಎಂದು ಕೈಬೀಸಿದ. ಅವರು ತಮಗೆ ನಮಸ್ಕಾರ ಹೇಳಿದ ಎಂದುಕೊಂಡು, ತಾವೂ ಕೈಬೀಸುತ್ತ ಪೂರ್ತಿ ವೇಗದಲ್ಲಿ ಪಕ್ಕದಿಂದ ಹಾದುಹೋದರು. ಹಿಂದೆ ನೀರು ಕಂದಾಗಿ ಮಗುಚಿ ಮಗುಚಿ ಮೇಲೆದ್ದಿತು.

ಕ್ಯಾಪ್ಟನ್ ಅಂಚಿಗೆ ಬಂದು ಬಗ್ಗಿ ನೋಡಿದ. ಕೆಳಗಿನಿಂದ ಎದ್ದದ್ದು ಮರಳೋ, ಅದರ ಕೆಳಗಿನದೋ ಮೇಲಿನಿಂದ ಗೊತ್ತಾಗುವಂತಿರಲಿಲ್ಲ.

"ಹೋಗೋಣ್ವಾ ಭಾವ?" ಎಂದು ಗ್ರೀಸು ಕೆಳಗಿನಿಂದ ಕೇಳಿದ.

"ತಡಿ," ಅಂದ ಕ್ಯಾಪ್ಟನ್. "ತಿಳಿಯಾಗ್ಲಿ."